ಅವಲಂಬನೆಗಳ ಲೆಕ್ಕ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ ಡಿಗ್ಗಿ ಎಂಬ ಚಿಕ್ಕ ಹಳ್ಳಿಯಿದೆ. ಕಾಳಿ ನದಿಯು ಅದರ ಸಮೀಪದಲ್ಲಿ ಹುಟ್ಟಿ, ಪಾಂಢರಿ ಎಂಬ ಉಪನದಿಯನ್ನು ಕೂಡಿಸಿಕೊಂಡು, ದಾಂಡೇಲಿಯನ್ನು ಹಾದು, ಕಾರವಾರದ ಬಳಿ ಅರಬ್ಬೀ ಸಮುದ್ರವನ್ನು ಸೇರುತ್ತದೆ. ದಾಂಡೇಲಿಯಲ್ಲಿ ಒಂದು ಕೊಡ ನೀರನ್ನು ತುಂಬಿಕೊಂಡವನು ತಾನು ಕಾಳಿಯ ನೀರನ್ನು ಮಾತ್ರ ತಂದೆನೆಂದು ತಿಳಿಯಬಹುದು. ಆದರೆ ಆ ಕೊಡದಲ್ಲಿ ಪಾಂಢರಿಯ ನೀರೂ ಇದೆ. ಮೇಲಿನ ಕಾಡುಗಳಲ್ಲಿ ಹರಿಯುವ ಹೆಸರಿಲ್ಲದ ಎಷ್ಟೋ ತೊರೆಗಳ ನೀರೂ ಇದೆ. ಒಂದನ್ನು ಬಯಸಿ ತಂದಾಗ ಅದರೊಡನೆ ಬಯಸದ ಹಲವು ಬರುತ್ತವೆ.

ಗಣಕಯಂತ್ರಕ್ಕಾಗಿ ಬರೆಯುವ ಕ್ರಮವಿಧಿಗಳಿಗೂ ಈ ಮಾತು ಹೊಂದುತ್ತದೆ. ಕ್ರಮವಿಧಿ ಎಂದರೆ ಗಣಕಯಂತ್ರವು ಮಾಡಬೇಕಾದ ಕೆಲಸವನ್ನು ಹಂತಹಂತವಾಗಿ ತಿಳಿಸುವ ಆಜ್ಞೆಗಳ ಸಮೂಹ. ಇಂತಹ ಆಜ್ಞೆಗಳನ್ನು ಬರೆಯಲು ಬಳಸುವ ಭಾಷೆಗಳಲ್ಲಿ ಜಾವಾ ಒಂದು. ಅಮೆರಿಕದ ಸನ್ ಮೈಕ್ರೋಸಿಸ್ಟಮ್ಸ್ ಸಂಸ್ಥೆಯಲ್ಲಿ ಜೇಮ್ಸ್ ಗಾಸ್ಲಿಂಗ್ ಮತ್ತು ಅವರ ಸಂಗಡಿಗರು ರೂಪಿಸಿದ ಈ ಭಾಷೆಯು 1995ರಲ್ಲಿ ಪ್ರಕಟವಾಯಿತು. ಇಂದು ಬ್ಯಾಂಕುಗಳಲ್ಲಿ, ವ್ಯಾಪಾರ ಸಂಸ್ಥೆಗಳಲ್ಲಿ, ಸರಕಾರಿ ಕಚೇರಿಗಳಲ್ಲಿ ಅದರ ಬಳಕೆ ವ್ಯಾಪಕವಾಗಿದೆ.

ಒಂದು ಪ್ರೌಢಶಾಲೆಯ ಅಂಕಪಟ್ಟಿಗಳನ್ನು ಸಿದ್ಧಪಡಿಸುವ ಕ್ರಮವಿಧಿಯನ್ನು ಜಾವಾ ಭಾಷೆಯಲ್ಲಿ ಬರೆಯಬೇಕಾಗಿದೆ ಎಂದು ಭಾವಿಸೋಣ. ಅಂಕಗಳನ್ನು ದತ್ತಸಂಚಯದಲ್ಲಿ ಕೂಡಿಡಬೇಕು, ಕಾಗದದ ಮೇಲೆ ಮುದ್ರಿಸಬೇಕು, ನಡೆದ ಕೆಲಸವನ್ನೆಲ್ಲ ದಿನಚರಿಯಂತೆ ದಾಖಲಿಸಬೇಕು. ಇವೆಲ್ಲವನ್ನೂ ಮೊದಲಿನಿಂದ ತಾವೇ ಬರೆಯಲು ಯಾರೂ ಹೋಗುವುದಿಲ್ಲ. ಬೇರೆಯವರು ಈಗಾಗಲೇ ಬರೆದು, ಪರೀಕ್ಷಿಸಿ, ಎಲ್ಲರ ಉಪಯೋಗಕ್ಕೆಂದು ಇಟ್ಟಿರುವ ಸಿದ್ಧ ಭಾಗಗಳನ್ನು ತಂದು ಜೋಡಿಸಿಕೊಳ್ಳುತ್ತಾರೆ. ಅಂತಹ ಸಿದ್ಧ ಭಾಗಕ್ಕೆ ಲೈಬ್ರರಿ ಎಂದು ಹೆಸರು. ನಮ್ಮ ಕ್ರಮವಿಧಿಯು ಒಂದು ಲೈಬ್ರರಿಯನ್ನು ನೆಚ್ಚಿಕೊಂಡಿದ್ದರೆ, ಅದು ನಮ್ಮ ಕ್ರಮವಿಧಿಯ ಅವಲಂಬನೆ ಎನಿಸಿಕೊಳ್ಳುತ್ತದೆ.

ಈ ಲೈಬ್ರರಿಗಳನ್ನು ತಂದುಕೊಡುವ ಕೆಲಸವನ್ನು ಮಾಡುವ ಸಾಧನಗಳಲ್ಲಿ ಮಾವೆನ್ ಪ್ರಸಿದ್ಧವಾದುದು. ಅಪಾಚೆ ಪ್ರತಿಷ್ಠಾನದ ಆಶ್ರಯದಲ್ಲಿ ಬೆಳೆದ ಇದರ ಮೊದಲ ಪೂರ್ಣ ಆವೃತ್ತಿ 2004ರಲ್ಲಿ ಹೊರಬಂದಿತು. ತನಗೆ ಬೇಕಾದ ಲೈಬ್ರರಿಗಳ ಹೆಸರುಗಳನ್ನು ಬರೆಯುವವನು ಪಾಮ್ ಎಂಬ ಕಡತದಲ್ಲಿ ನಮೂದಿಸುತ್ತಾನೆ. ಮಾವೆನ್ ಆ ಪಟ್ಟಿಯನ್ನು ಓದಿ, ಅವುಗಳನ್ನು ಕೇಂದ್ರ ಭಂಡಾರದಿಂದ ತರುತ್ತದೆ. ದಾಂಡೇಲಿಯಲ್ಲಿರುವ ಅರಣ್ಯ ಇಲಾಖೆಯ ನಾಟಾ ಡಿಪೋವನ್ನು ಕಂಡವರಿಗೆ ಈ ವ್ಯವಸ್ಥೆ ಸುಲಭವಾಗಿ ಅರ್ಥವಾದೀತು. ಅಲ್ಲಿ ದಿಮ್ಮಿಗಳಿಗೆ ಗುರುತೂ ಸಂಖ್ಯೆಯೂ ಇರುತ್ತವೆ. ರಹದಾರಿಯಿಲ್ಲದೆ ಅವುಗಳನ್ನು ಸಾಗಿಸುವಂತಿಲ್ಲ. ಹಾಗೆಯೇ ಮಾವೆನ್ ಭಂಡಾರದ ಪ್ರತಿಯೊಂದು ಲೈಬ್ರರಿಗೂ ಮೂರು ಗುರುತುಗಳಿವೆ: ತಯಾರಿಸಿದ ಬಳಗದ ಹೆಸರು, ಲೈಬ್ರರಿಯ ಹೆಸರು, ಆವೃತ್ತಿಯ ಸಂಖ್ಯೆ. ಈ ಮೂರನ್ನೂ ಹೇಳಿದರೆ ಬೇಕಾದುದು ತಪ್ಪದೆ ದೊರೆಯುತ್ತದೆ.

ಆದರೆ ನಾವು ಕೇಳಿದ ಲೈಬ್ರರಿಯೂ ಬೇರೆ ಲೈಬ್ರರಿಗಳನ್ನು ಅವಲಂಬಿಸಿರುತ್ತದೆ. ಅವು ಮತ್ತೆ ಕೆಲವನ್ನು ಅವಲಂಬಿಸಿರುತ್ತವೆ. ಮಾವೆನ್ ಇವೆಲ್ಲವನ್ನೂ ತಾನಾಗಿಯೇ ತರುತ್ತದೆ. ನಾವು ಹೆಸರಿಸಿದವು ನೇರ ಅವಲಂಬನೆಗಳು. ಅವುಗಳ ಬೆನ್ನು ಹಿಡಿದು ಬಂದವು ಪರೋಕ್ಷ ಅವಲಂಬನೆಗಳು. ಅಂಕಪಟ್ಟಿಯ ಕ್ರಮವಿಧಿಗೆ ಐದು ಲೈಬ್ರರಿಗಳನ್ನು ಹೆಸರಿಸಿದವನು ಅದರೊಳಗೆ ಐವತ್ತು ಸೇರಿಕೊಂಡಿರುವುದನ್ನು ಕಂಡರೆ ಆಶ್ಚರ್ಯಪಡಬೇಕಾಗಿಲ್ಲ. ಕಾಲಕ್ರಮದಲ್ಲಿ ಕ್ರಮವಿಧಿ ಬದಲಾಗುತ್ತದೆ. ಹಿಂದೆ ಬೇಕಾಗಿದ್ದ ಭಾಗ ಈಗ ಬೇಡವಾಗುತ್ತದೆ; ಬರೆದವರು ಬೇರೆ ಕೆಲಸಕ್ಕೆ ಹೋಗುತ್ತಾರೆ. ಆದರೆ ಪಟ್ಟಿಯಲ್ಲಿನ ಹೆಸರನ್ನು ಅಳಿಸಲು ಯಾರಿಗೂ ಧೈರ್ಯ ಬರುವುದಿಲ್ಲ.

ಈ ಹೊರೆ ಎಷ್ಟೆಂಬುದನ್ನು ಸ್ವೀಡನ್ ದೇಶದ ಕೆ.ಟಿ.ಎಚ್. ರಾಜಮನೆತನದ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು ಅಳೆದು ನೋಡಿದ್ದಾರೆ. 2021ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ, ಮಾವೆನ್ ಭಂಡಾರದ 9,639 ಜಾವಾ ತಂತ್ರಾಂಶಗಳನ್ನು ಪರಿಶೀಲಿಸಲಾಯಿತು. ಅವುಗಳಲ್ಲಿದ್ದ ಅವಲಂಬನೆಯ ಸಂಬಂಧಗಳಲ್ಲಿ ಶೇಕಡಾ 75.1ರಷ್ಟು ನಿರುಪಯುಕ್ತವಾಗಿದ್ದವು. ಇವುಗಳಲ್ಲಿ ಬಹುಪಾಲು ಪರೋಕ್ಷವಾಗಿ ಬಂದವು. ಬರೆದವರು ತಾವೇ ಹೆಸರಿಸಿದವು ತೀರ ಕಡಿಮೆ. ಇಂತಹ ಅವಲಂಬನೆಗಳನ್ನು ಗುರುತಿಸಲು ಅವರು ಡೆಪ್‌ಕ್ಲೀನ್ ಎಂಬ ಸಾಧನವನ್ನು ರಚಿಸಿ, ಅದನ್ನು ಎಲ್ಲರ ಉಪಯೋಗಕ್ಕೂ ಬಿಟ್ಟುಕೊಟ್ಟರು.

ಬೇಡದ ವಸ್ತು ಮೂಲೆಯಲ್ಲಿ ಬಿದ್ದಿದ್ದರೆ ಏನು ಕೇಡು ಎಂದು ಕೆಲವರು ಕೇಳಬಹುದು. ಅದರಿಂದ ತಂತ್ರಾಂಶದ ಗಾತ್ರ ಹೆಚ್ಚುತ್ತದೆ ಎಂಬುದು ಚಿಕ್ಕ ಮಾತು. ದೊಡ್ಡ ಮಾತೆಂದರೆ, ನಮ್ಮಲ್ಲಿ ಏನಿದೆ ಎಂಬುದು ನಮಗೇ ತಿಳಿಯದಂತಾಗುತ್ತದೆ. 2021ರ ಡಿಸೆಂಬರ್ ತಿಂಗಳಲ್ಲಿ ಇದರ ಪರಿಣಾಮವನ್ನು ಲೋಕವೇ ಕಂಡಿತು. ಕ್ರಮವಿಧಿಗಳ ದಿನಚರಿಯನ್ನು ದಾಖಲಿಸುವ ಲಾಗ್‌ಫೋರ್‌ಜೆ ಎಂಬ ಲೈಬ್ರರಿಯಲ್ಲಿ ಒಂದು ದೋಷ ಬೆಳಕಿಗೆ ಬಂದಿತು. ವಿಶೇಷ ರೀತಿಯಲ್ಲಿ ಬರೆದ ಒಂದು ಸಾಲನ್ನು ಅದು ದಾಖಲಿಸಿದರೆ ಸಾಕು, ದೂರದಲ್ಲಿರುವ ದುಷ್ಕರ್ಮಿಯು ಆ ಗಣಕಯಂತ್ರದಲ್ಲಿ ತನ್ನ ಆಜ್ಞೆಗಳನ್ನು ನಡೆಸಬಹುದಾಗಿತ್ತು. ಮಾವೆನ್ ಭಂಡಾರದಲ್ಲಿ 35,000ಕ್ಕೂ ಹೆಚ್ಚು ತಂತ್ರಾಂಶಗಳು ಈ ದೋಷಕ್ಕೆ ಒಳಗಾಗಿದ್ದವೆಂದು ಗೂಗಲ್ ಸಂಸ್ಥೆಯ ತಜ್ಞರು ಲೆಕ್ಕ ಹಾಕಿದರು. ಅವುಗಳಲ್ಲಿ ಹೆಚ್ಚಿನವುಗಳಿಗೆ ಆ ಲೈಬ್ರರಿ ನೇರವಾಗಿ ಬಂದಿರಲಿಲ್ಲ. ಬೇರೊಂದರ ಬೆನ್ನ ಹಿಂದೆ, ಕೆಲವೆಡೆ ನಾಲ್ಕೈದು ಹಂತಗಳ ಆಳದಲ್ಲಿ ಅಡಗಿತ್ತು. ದೋಷವನ್ನು ತಿದ್ದುವುದಕ್ಕಿಂತ ಮೊದಲು, ಅದು ತಮ್ಮಲ್ಲಿ ಇದೆಯೇ ಎಂದು ಹುಡುಕುವುದೇ ಅನೇಕ ಸಂಸ್ಥೆಗಳಿಗೆ ದೊಡ್ಡ ಕೆಲಸವಾಯಿತು.

ಹಾಗಾದರೆ ಬೇಡವಾದುದನ್ನು ಕೂಡಲೇ ಕಿತ್ತೆಸೆಯಬಾರದೇಕೆ? ಇಲ್ಲಿಯೇ ಸಮಸ್ಯೆಯ ಸೂಕ್ಷ್ಮವಿದೆ. ಯಾವುದು ಬೇಡವಾದುದು ಎಂದು ತಿಳಿಯುವುದು ನೋಡುವಷ್ಟು ಸುಲಭವಲ್ಲ. ಮಾವೆನ್‌ನ ಜೊತೆಯಲ್ಲಿಯೇ ಅವಲಂಬನೆಗಳನ್ನು ವಿಶ್ಲೇಷಿಸುವ ಒಂದು ಸಾಧನ ದೊರೆಯುತ್ತದೆ. ಅದು ಬರೆದ ಮೂಲವನ್ನು ನೋಡದೆ, ಅದರಿಂದ ಯಂತ್ರಕ್ಕಾಗಿ ಸಿದ್ಧವಾದ ಬೈಟ್‌ಕೋಡ್ ಎಂಬ ರೂಪವನ್ನು ನೋಡುತ್ತದೆ. ಒಂದು ಲೈಬ್ರರಿಯಿಂದ ನಾವು ಒಂದು ಸ್ಥಿರಸಂಖ್ಯೆಯನ್ನು ಮಾತ್ರ ಪಡೆದಿದ್ದರೆ, ಬೈಟ್‌ಕೋಡಿನಲ್ಲಿ ಆ ಸಂಖ್ಯೆ ಉಳಿದು, ಅದನ್ನು ಕೊಟ್ಟ ಲೈಬ್ರರಿಯ ಹೆಸರು ಅಳಿದುಹೋಗುತ್ತದೆ. ಆಗ ಸಾಧನವು ಆ ಲೈಬ್ರರಿ ಬೇಡವೆಂದು ಹೇಳುತ್ತದೆ. ತೆಗೆದರೆ ಕ್ರಮವಿಧಿ ಮತ್ತೆ ಸಿದ್ಧವಾಗುವುದೇ ಇಲ್ಲ.

ಇದಕ್ಕಿಂತ ಕಠಿನವಾದ ಇನ್ನೊಂದು ಸಂದರ್ಭವಿದೆ. ಅಂಕಪಟ್ಟಿಯ ಕ್ರಮವಿಧಿಯು ದತ್ತಸಂಚಯದೊಡನೆ ಮಾತನಾಡಲು ಚಾಲಕ ಎಂಬ ಒಂದು ಲೈಬ್ರರಿಯನ್ನು ಬಳಸುತ್ತದೆ. ಆ ಚಾಲಕದ ಹೆಸರು ಎಷ್ಟೋ ಬಾರಿ ಕ್ರಮವಿಧಿಯಲ್ಲಿ ಇರುವುದಿಲ್ಲ. ಬೇರೊಂದು ಕಡತದಲ್ಲಿ ಬರಿಯ ಅಕ್ಷರಗಳಾಗಿ ಇರುತ್ತದೆ. ಕ್ರಮವಿಧಿ ಓಡತೊಡಗಿದ ಮೇಲೆ ಆ ಹೆಸರನ್ನು ಓದಿ ಚಾಲಕವನ್ನು ಕರೆಯಲಾಗುತ್ತದೆ. ಸಾಧನದ ಕಣ್ಣಿಗೆ ಈ ಚಾಲಕವೂ ನಿರುಪಯುಕ್ತವೇ. ಅದನ್ನು ತೆಗೆದರೂ ಕ್ರಮವಿಧಿ ಸಿದ್ಧವಾಗುತ್ತದೆ. ಆದರೆ ಪರೀಕ್ಷೆ ಮುಗಿದು ಅಂಕಗಳನ್ನು ತುಂಬುವ ದಿನ ಅದು ಕೆಲಸ ಮಾಡದೆ ನಿಲ್ಲುತ್ತದೆ.

ಮೂರನೆಯ ತೊಡಕೂ ಒಂದುಂಟು. ನಾವು ಹೆಸರಿಸದ ಒಂದು ಲೈಬ್ರರಿ ಬೇರೊಂದರ ಬೆನ್ನ ಹಿಂದೆ ಬಂದಿರುತ್ತದೆ. ಬಂದಿದೆಯಲ್ಲ ಎಂದು ನಾವು ಅದನ್ನು ಬಳಸಿಕೊಳ್ಳುತ್ತೇವೆ. ಅದನ್ನು ಕರೆತಂದದ್ದನ್ನು ಬೇಡವೆಂದು ತೆಗೆದ ದಿನ ಇದೂ ಹೊರಟುಹೋಗುತ್ತದೆ. ಆದುದರಿಂದ ಬಳಸುತ್ತಿರುವುದನ್ನು ಮೊದಲು ಹೆಸರಿಸಿ, ಬಳಸದಿರುವುದನ್ನು ಆಮೇಲೆ ತೆಗೆಯುವುದೇ ಸರಿಯಾದ ಕ್ರಮ.

ಈ ಎಲ್ಲ ಎಚ್ಚರಿಕೆಗಳನ್ನು ಒಳಗೊಂಡ ಒಂದು ಪ್ಲಗಿನ್ ಅನ್ನು ವಿದ್ಯಾರ್ಥಿಗಳು ರಚಿಸಬಹುದು ಎಂಬುದು ಇಲ್ಲಿಯ ಸಲಹೆ. ಪ್ಲಗಿನ್ ಎಂದರೆ ಒಂದು ದೊಡ್ಡ ಸಾಧನಕ್ಕೆ ಹೊಸ ಸಾಮರ್ಥ್ಯವನ್ನು ಕೂಡಿಸುವ ಚಿಕ್ಕ ಜೋಡಣೆ. ಮಾವೆನ್‌ನ ತಿರುಳು ಚಿಕ್ಕದು. ಅದರ ಕೆಲಸಗಳನ್ನೆಲ್ಲ ಪ್ಲಗಿನ್‌ಗಳೇ ಮಾಡುತ್ತವೆ. ಆದಕಾರಣ ಹೊಸಬರಿಗೂ ಅಲ್ಲಿ ಎಡೆಯಿದೆ. ಹಳಿಯಾಳದಲ್ಲಿ ಕರ್ನಾಟಕ ಲಾ ಸೊಸೈಟಿಯವರ ವಿಶ್ವನಾಥರಾವ್ ದೇಶಪಾಂಡೆ ತಾಂತ್ರಿಕ ವಿದ್ಯಾಲಯವಿದೆ. ಇಂತಹ ವಿದ್ಯಾಲಯಗಳಲ್ಲಿ ಗಣಕ ವಿಜ್ಞಾನವನ್ನು ಓದುವವರು ಕೊನೆಯ ವರ್ಷದಲ್ಲಿ ಒಂದು ಯೋಜನೆಯನ್ನು ಮಾಡಬೇಕಾಗುತ್ತದೆ. ಅಂಕಗಳಿಗಾಗಿ ಮಾಡಿ ಕಪಾಟಿನಲ್ಲಿಡುವ ಯೋಜನೆಗಿಂತ, ಇತರರ ಕೈಯಲ್ಲಿ ಬಹುಕಾಲ ಬಾಳುವ ಇಂತಹ ಕೆಲಸ ಮೇಲಲ್ಲವೆ?

ಆ ಪ್ಲಗಿನ್ ಹೇಗಿರಬೇಕು? ಮೊದಲನೆಯದಾಗಿ, ನೇರ ಮತ್ತು ಪರೋಕ್ಷ ಅವಲಂಬನೆಗಳನ್ನೆಲ್ಲ ಅದು ವಂಶವೃಕ್ಷದಂತೆ ಬಿಡಿಸಿ ತೋರಿಸಬೇಕು. ಯಾವುದು ಯಾವುದರ ಮೂಲಕ ಬಂದಿತೆಂಬುದು ಕಣ್ಣಿಗೆ ಕಾಣಬೇಕು. ಎರಡನೆಯದಾಗಿ, ಬೇಡವೆಂದು ತೋರಿದ ಪ್ರತಿಯೊಂದಕ್ಕೂ ಕಾರಣವನ್ನು ಹೇಳಬೇಕು. ಮೂರನೆಯದಾಗಿ, ಇತರ ಕಡತಗಳಲ್ಲಿ ಅಕ್ಷರರೂಪದಲ್ಲಿರುವ ಹೆಸರುಗಳನ್ನೂ ಹುಡುಕಿ, ಸಂಶಯವಿದ್ದಲ್ಲಿ ಸಂಶಯವೆಂದೇ ಬರೆಯಬೇಕು. ನಾಲ್ಕನೆಯದಾಗಿ, ಒಂದು ಸಲಕ್ಕೆ ಒಂದೇ ಅವಲಂಬನೆಯನ್ನು ತೆಗೆದು, ಕ್ರಮವಿಧಿಯನ್ನು ಮತ್ತೆ ಸಿದ್ಧಪಡಿಸಿ, ಅದರ ಪರೀಕ್ಷೆಗಳನ್ನು ನಡೆಸಬೇಕು. ಸೋತರೆ ತೆಗೆದುದನ್ನು ಮರಳಿ ಇಡಬೇಕು. ಪರೀಕ್ಷೆಗಳೂ ಅಪೂರ್ಣವಾಗಿರಬಹುದಾದ್ದರಿಂದ, ಕೊನೆಯ ತೀರ್ಮಾನವನ್ನು ಮನುಷ್ಯನಿಗೇ ಬಿಡಬೇಕು.

ಪ್ಲಗಿನ್ ಕನ್ನಡದಲ್ಲಿಯೂ ವರದಿ ಕೊಡುವಂತಿರಬೇಕು. ಜಾವಾ ಭಾಷೆಯು ಮೊದಲಿನಿಂದಲೂ ಯುನಿಕೋಡ್ ಲಿಪಿಸಂಕೇತವನ್ನು ಒಪ್ಪಿಕೊಂಡಿರುವುದರಿಂದ ಇದಕ್ಕೆ ಅಡ್ಡಿಯಿಲ್ಲ. ತನ್ನ ತಪ್ಪೇನೆಂಬುದನ್ನು ತನ್ನ ನುಡಿಯಲ್ಲಿಯೇ ಓದಿದ ವಿದ್ಯಾರ್ಥಿಯು ಅದನ್ನು ಬೇಗ ತಿದ್ದಿಕೊಳ್ಳುತ್ತಾನೆ.

ಈ ಕೆಲಸವು ಮುಕ್ತ ತಂತ್ರಾಂಶವಾಗಿರಬೇಕೆಂಬುದಕ್ಕೆ ತಕ್ಕ ಕಾರಣವಿದೆ. ಮುಕ್ತ ತಂತ್ರಾಂಶದ ಮೂಲವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ಅದಕ್ಕೆ ಅನುಮತಿಪತ್ರವೊಂದು ಜೊತೆಗಿರುತ್ತದೆ. ಇದನ್ನು ತೆಗೆದುಹಾಕು ಎಂದು ಇತರರಿಗೆ ಹೇಳುವ ಸಾಧನವು ತಾನು ಹಾಗೆ ಹೇಳಿದುದು ಹೇಗೆಂಬುದನ್ನು ಮುಚ್ಚಿಡಬಾರದು. 1966ರಿಂದ ಮುಂಡಗೋಡಿನಲ್ಲಿ ನೆಲೆಸಿರುವ ಟಿಬೆಟಿಯನ್ನರ ಡ್ರೆಪುಂಗ್ ಮತ್ತು ಗಾಂದೆನ್ ವಿಹಾರಗಳಲ್ಲಿ ಭಿಕ್ಷುಗಳು ಅಂಗಳದಲ್ಲಿ ಸೇರಿ ವಾದ ನಡೆಸುವ ಪದ್ಧತಿಯಿದೆ. ಕುಳಿತವನು ಒಂದು ಮಾತನ್ನು ಪ್ರತಿಪಾದಿಸುತ್ತಾನೆ. ನಿಂತವನು ಕೈತಟ್ಟಿ ಪ್ರಶ್ನಿಸುತ್ತಾನೆ. ಪ್ರಶ್ನೆಗೆ ನಿಲ್ಲದ ಮಾತು ಅಲ್ಲಿ ಉಳಿಯುವುದಿಲ್ಲ. ಮುಕ್ತ ತಂತ್ರಾಂಶದ ಕ್ಷೇತ್ರದಲ್ಲಿಯೂ ಹೀಗೆಯೇ. ಒಬ್ಬನು ಮಾಡಿದ ಬದಲಾವಣೆಯನ್ನು ಎಂದೂ ಮುಖ ನೋಡದ ಇನ್ನೊಬ್ಬನು ಓದಿ, ಏಕೆ ಎಂದು ಕೇಳುತ್ತಾನೆ. ಸಮರ್ಪಕ ಉತ್ತರ ದೊರೆತ ಮೇಲೆಯೇ ಆ ಬದಲಾವಣೆ ಸೇರಿಕೊಳ್ಳುತ್ತದೆ. ಹಳಿಯಾಳದ ವಿದ್ಯಾರ್ಥಿಗೆ ದೂರದ ಸ್ವೀಡನ್ನಿನ ಪ್ರಾಧ್ಯಾಪಕನೂ ಹೀಗೆ ಸಹಪಾಠಿಯಾಗಬಲ್ಲನು. ಮೇಲೆ ಹೇಳಿದ ಸ್ವೀಡನ್ನಿನ ಸಂಶೋಧಕರು ತಾವು ಕಂಡ ಅನಗತ್ಯ ಅವಲಂಬನೆಗಳನ್ನು ತೆಗೆಯುವಂತೆ ಆಯಾ ತಂತ್ರಾಂಶಗಳ ನಿರ್ಮಾಪಕರಿಗೆ ಸಲಹೆಗಳನ್ನು ಕಳುಹಿಸಿದಾಗ, ಉತ್ತರ ಬಂದ 26 ಸಲಹೆಗಳಲ್ಲಿ 21 ಅಂಗೀಕೃತವಾದವು. ಕಾರಣ ಸಹಿತವಾಗಿ ಹೇಳಿದ ಮಾತಿಗೆ ಅಪರಿಚಿತರೂ ಕಿವಿಗೊಡುತ್ತಾರೆ ಎಂಬುದಕ್ಕೆ ಇದೇ ಸಾಕ್ಷಿ.

ಬೇರೆಯವರ ಶ್ರಮವನ್ನು ಬಳಸಿಕೊಳ್ಳುವುದು ನಾಚಿಕೆಗೇಡಿನ ಸಂಗತಿಯಲ್ಲ. ವಿದ್ಯೆಯೆಲ್ಲ ಬೆಳೆದುದೇ ಹಾಗೆ. ಆದರೆ ಯಾರಿಂದ ಏನನ್ನು ಪಡೆದಿದ್ದೇವೆ, ಅದು ಇಂದಿಗೂ ನಮಗೆ ಬೇಕೆ ಎಂಬ ಲೆಕ್ಕವನ್ನು ಇಟ್ಟುಕೊಳ್ಳುವುದು ಪಡೆದವನ ಹೊಣೆ. ಆ ಲೆಕ್ಕವನ್ನು ಎಲ್ಲರ ಮುಂದೆ ತೆರೆದಿಟ್ಟು, ತಿದ್ದುವವರ ಮಾತಿಗೆ ಕಿವಿಗೊಡುವ ಅಭ್ಯಾಸವನ್ನು ಇಂದಿನ ವಿದ್ಯಾರ್ಥಿಗಳು ಬೆಳೆಸಿಕೊಂಡರೆ, ನಾಳೆ ಅವರು ಕಟ್ಟುವ ತಂತ್ರಾಂಶಗಳನ್ನು ಜನರು ನೆಮ್ಮದಿಯಿಂದ ಬಳಸಬಹುದು.