ಚೀನದೇಶದ ಚಳಿಜ್ವರದ ಮೂಲಿಕೆ

ಪ್ರಾಚೀನ ವೈದ್ಯಗ್ರಂಥಗಳಿಗೆ ಕೈಮುಗಿಯುವವರುಂಟು, ನಗುವವರುಂಟು, ಓದುವವರು ವಿರಳ. ಚೀನದೇಶದ ಚಿಂಗ್‌ಹಾವ್ ಎಂಬ ಮೂಲಿಕೆಯ ವೃತ್ತಾಂತವನ್ನು ಈ ಉಭಯರ ಅವಗಾಹನೆಗೂ ತರಬಯಸುತ್ತೇವೆ. ಚಳಿಜ್ವರವು ಕ್ಲೋರೋಕ್ವಿನಿಗೆ ಬಗ್ಗದಾಗಲು, 1967ರಲ್ಲಿ ಆ ದೇಶದ ಸರ್ಕಾರವು ಹೊಸ ಔಷಧವನ್ನು ಅರಸತೊಡಗಿತು. ತೂ ಯೂಯೂ ಎಂಬ ವಿದುಷಿಯ ಪರೀಕ್ಷೆಗಳಲ್ಲಿ, ಕಾಸಿ ತೆಗೆದ ಸಾರದ ಗುಣವು ಒಮ್ಮೆ ತೋರಿ ಮತ್ತೊಮ್ಮೆ ಮಾಯವಾಗುತ್ತಿತ್ತು. ನಾಲ್ಕನೆಯ ಶತಮಾನದ ಗೆ ಹೊಂಗನ ಕೈಪಿಡಿಯನ್ನು ಮತ್ತೆ ನೋಡಲು, ಅಲ್ಲಿ ಕುದಿಸುವ ಮಾತೇ ಇಲ್ಲ! ಹಿಡಿ ಸೊಪ್ಪನ್ನು ನೀರಿನಲ್ಲಿ ನೆನೆಯಿಸಿ, ಹಿಂಡಿ, ರಸವನ್ನು ಕುಡಿಯತಕ್ಕದ್ದೆಂದಿದೆ. ಬಿಸಿಯೇ ಗುಣವನ್ನು ಕೆಡಿಸುತ್ತಿರಬೇಕೆಂದು ಆಕೆ ತರ್ಕಿಸಿದರು. 1971ರಲ್ಲಿ ಮಂದಶಾಖದಲ್ಲಿ ಈಥರಿನಿಂದ ತೆಗೆದ ಸತ್ವವು ಇಲಿ, ಕಪಿಗಳ ಜ್ವರಾಣುಗಳನ್ನು ನಿಶ್ಶೇಷಗೊಳಿಸಿತು. ರೋಗಿಗಳಿಗೆ ಕೊಡುವ ಮುನ್ನ ತಾವೇ ಸೇವಿಸಿ ನೋಡಿದರು. ಆರ್ಟೆಮಿಸಿನಿನ್ ಎಂಬ ಆ ಔಷಧಕ್ಕಾಗಿ 2015ರಲ್ಲಿ ನೊಬೆಲ್ ಪಾರಿತೋಷಕವು ಸಂದಿತು. ಆದರೂ ಸೊಪ್ಪನ್ನು ಮನೆಯಲ್ಲೇ ಕುದಿಸಿ ಕುಡಿಯುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆಯು ಇದನ್ನು ಒಪ್ಪಿಲ್ಲ, ನಾವೂ ಒಪ್ಪೆವು.