ಈ ಸಲ ಬೈಠಕ್ ಯಾಕೆ?



ಮುಂದಿನ ಸಂಗೀತ ಕಾರ್ಯಕ್ರಮವನ್ನು ದೊಡ್ಡ ಸಭಾಗೃಹದ ಬದಲು ಬೈಠಕ್ ರೀತಿಯಲ್ಲಿ ನಡೆಸಲು ಕಾರ್ಯಕಾರಿ ಸಮಿತಿ ಒಪ್ಪಿದೆ. ಧ್ವನಿವರ್ಧಕ, ವೇದಿಕೆ, ಭಾಷಣ, ಸನ್ಮಾನ ಯಾವುದೂ ಇರುವುದಿಲ್ಲ. ಜಮಖಾನೆಯ ಮೇಲೆ ಕಲಾವಿದರು, ಎರಡು ಮಾರು ದೂರದಲ್ಲಿ ನಾವು. "ಇದೇನು ಹೊಸ ಪದ್ಧತಿ?" ಎಂದು ಕಾರವಾರ, ಖಾನಾಪುರದ ಕಡೆಯವರು ಫೋನಿನಲ್ಲಿ ಕೇಳುತ್ತಿದ್ದಾರೆ. ಅದಕ್ಕೇ ಈ ಬರಹ.

ಹೊಸದೇನಲ್ಲ. ಗೋವಾದ ಫೋಂಡಾ ತಾಲೂಕಿನ ಕೇರಿಯಲ್ಲಿ 1892ರಲ್ಲಿ ಹುಟ್ಟಿದ ಕೇಸರಬಾಯಿ ಕೇರ್ಕರ್ ಹೆಸರು ಮಾಡಿದ್ದು ಇಂಥ ಮೈಫಿಲುಗಳಲ್ಲೇ. ಅವರ ಗುರು ಜೈಪುರ-ಅತ್ರೌಲಿ ಘರಾಣೆಯ ಅಲ್ಲಾದಿಯಾ ಖಾನರು. ಅದೇ ಖಾನರ ಮಕ್ಕಳಾದ ಮಂಜಿ ಖಾನ್, ಆಮೇಲೆ ಭುರ್ಜಿ ಖಾನ್ ಬಳಿ ಕಲಿತವರು ನಮ್ಮ ಧಾರವಾಡದ ಮಲ್ಲಿಕಾರ್ಜುನ ಮನ್ಸೂರರು. ಅಂದರೆ ಘಟ್ಟದ ಈಚೆಗೂ ಆಚೆಗೂ ಒಂದೇ ಮನೆತನದ ಹಾಡು. ಗೋವಾದಲ್ಲಿ ಕನ್ನಡಿಗರು ಹೊರಗಿನವರು ಎನ್ನುವವರಿಗೆ ಇದನ್ನು ಹೇಳಬಹುದು, ಜಗಳವಿಲ್ಲದೆ.

1977ರಲ್ಲಿ ಅಮೆರಿಕದವರು ವಾಯೇಜರ್ ನೌಕೆಗಳಲ್ಲಿ ಬಾಹ್ಯಾಕಾಶಕ್ಕೆ ಕಳಿಸಿದ ಚಿನ್ನದ ಲೇಪದ ತಟ್ಟೆಯಲ್ಲಿ ಕೇಸರಬಾಯಿಯವರ ಭೈರವಿ ಇದೆ. ಅವರು ತೀರಿಕೊಂಡದ್ದೂ ಅದೇ ವರ್ಷ. ಆದರೆ ಆ ಧ್ವನಿಮುದ್ರಣ ಮೂರೂವರೆ ನಿಮಿಷದ್ದು. ಹಳೆಯ ಗ್ರಾಮಫೋನ್ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಸುತ್ತಿದ್ದುದೇ ಅಷ್ಟು. ಬೈಠಕ್‌ನಲ್ಲಿ ಒಂದೇ ರಾಗ ಮುಕ್ಕಾಲು ಗಂಟೆ, ಒಂದು ಗಂಟೆ ನಡೆಯುತ್ತದೆ.

ಅಷ್ಟು ಹೊತ್ತು ಏನು ಕೇಳಬೇಕು? ಮೊದಲು ತಂಬೂರಿ. ನಮ್ಮ ಮೀರಜದ ಕುಶಲಿಗರ ಹೆಸರು ಇದಕ್ಕೇ ಪ್ರಸಿದ್ಧ. ತಂತಿಯ ಕೆಳಗೆ ಸಿಕ್ಕಿಸುವ ಒಂದು ಎಳೆ ದಾರದಿಂದ ನಾದ ಝೇಂಕರಿಸಿ ಅರಳುತ್ತದೆ. ಸ್ಪೀಕರಿನ ಗದ್ದಲದಲ್ಲಿ ಮೊದಲು ಕಳೆದುಹೋಗುವುದು ಇದೇ. ಆಮೇಲೆ ತಬಲಾದ ಆವರ್ತ. ತೀನ್‌ತಾಲಕ್ಕೆ ಹದಿನಾರು ಮಾತ್ರೆ. ಗಾಯಕರು ಎಲ್ಲೆಲ್ಲಿ ಸುತ್ತಿದರೂ ಮೊದಲ ಮಾತ್ರೆಯಾದ 'ಸಮ್'ಗೆ ಬಂದು ಸೇರಲೇಬೇಕು. ಬೆರಳಲ್ಲಿ ಎಣಿಸಿದರೂ ಸರಿ, ನಾಲ್ಕೈದು ಸುತ್ತಿನಲ್ಲಿ ನಿಮಗೇ ಹಿಡಿತ ಸಿಗುತ್ತದೆ. ಜೈಪುರದವರು ಜೋಡುರಾಗ ಪ್ರಿಯರು. ಬಸಂತಿ ಕೇದಾರದಲ್ಲಿ ಬಸಂತ ಯಾವಾಗ ಕೇದಾರವಾಯಿತು ಎಂದು ಹಿಡಿಯಲು ಕಿವಿ ಅಲ್ಲೇ ಇರಬೇಕು. ಪಕ್ಕದವರ ಮಗಳ ಮದುವೆ ವಿಚಾರಿಸುವಷ್ಟರಲ್ಲಿ ಅದು ಆಗಿಹೋಗಿರುತ್ತದೆ.

ಹಿಂದಿನ ಕಾರ್ಯಕ್ರಮದಲ್ಲಿ ವಿಲಂಬಿತ್ ಮುಗಿಯುವ ಮೊದಲೇ ಊಟದ ಸಾಲು ಹತ್ತಿತು. ಕಲಾವಿದರು ಸಭೆಯ ಮುಖ ನೋಡಿ ರಾಗವನ್ನು ಇಪ್ಪತ್ತು ನಿಮಿಷಕ್ಕೆ ಮೊಟಕು ಮಾಡಿ ದಾಸರ ಪದಕ್ಕೆ ಇಳಿದರು. ಪದ ಚೆನ್ನಾಗಿಯೇ ಇತ್ತು. ಆದರೆ "ಗೋವಾದ ಕನ್ನಡಿಗರಿಗೆ ಇಷ್ಟೇ ಸಾಕು" ಎಂಬ ಮಾತು ಧಾರವಾಡದಲ್ಲಿ ಹಬ್ಬಿದರೆ ಮುಂದೆ ನಮಗೆ ಅಷ್ಟೇ ಬಡಿಸುತ್ತಾರೆ.

ಆದ್ದರಿಂದ ಈ ಸಲ ಊಟ ಮೊದಲು, ಹಾಡು ಆಮೇಲೆ. ಮೊಬೈಲುಗಳನ್ನು ಬಾಗಿಲಲ್ಲಿ ಚೀಟಿ ಕೊಟ್ಟು ತೆಗೆದಿಡಲಾಗುವುದು. ಮಂಡಿನೋವಿನವರಿಗೆ ಗೋಡೆಯ ಪಕ್ಕ ಕುರ್ಚಿ ಉಂಟು. ಮಕ್ಕಳನ್ನು ಕರೆತನ್ನಿ, ನಿದ್ದೆ ಬಂದರೆ ಜಮಖಾನೆಯ ಮೇಲೇ ಮಲಗಲಿ. ಜಾಗ ಇರುವುದು ನಲವತ್ತೇ ಮಂದಿಗೆ. ಕೊನೆಯ ಬಸ್ಸು ಹಿಡಿಯಬೇಕಾದ ಊರಿನವರು ಮೊದಲೇ ತಿಳಿಸಿದರೆ ರಾತ್ರಿ ತಂಗಲು ಸದಸ್ಯರ ಮನೆಗಳಲ್ಲಿ ಏರ್ಪಾಡು ಮಾಡುತ್ತೇವೆ.