ಬುತ್ತಿ ಕಟ್ಟಿ, ಬಸ್ಸು ಹತ್ತಿ

ರಜೆ ಬಂತೆಂದರೆ ಮಕ್ಕಳಿಗೆ ಪ್ರವಾಸದ ಆಸೆ, ಹೆತ್ತವರಿಗೆ ಖರ್ಚಿನ ಚಿಂತೆ. ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ, ಪಾವಗಡ, ಶಿರಾ ತಾಲ್ಲೂಕುಗಳನ್ನು ಸುತ್ತಲು ಹೆಚ್ಚು ಹಣವೇನೂ ಬೇಡ. 2023ರ ಜೂನ್‌ನಲ್ಲಿ ಜಾರಿಗೆ ಬಂದ ಶಕ್ತಿ ಯೋಜನೆಯಿಂದಾಗಿ ರಾಜ್ಯದೊಳಗೆ ಓಡಾಡುವ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ತಾಯಿ, ಮಗಳಿಗೆ ಟಿಕೆಟ್ಟಿನ ಹಣ ಕೊಡಬೇಕಿಲ್ಲ. ತಂದೆ, ಮಗನ ಟಿಕೆಟ್ಟು ಕೊಂಡು, ಚಿತ್ರಾನ್ನ, ಮೊಸರನ್ನದ ಬುತ್ತಿ ಕಟ್ಟಿಕೊಂಡರಾಯಿತು.

ಕೊರಟಗೆರೆಯ ಸಿದ್ಧರಬೆಟ್ಟ, ಮಧುಗಿರಿಯ ಏಕಶಿಲಾ ಬೆಟ್ಟ, ಪಾವಗಡದ ಕೋಟೆಬೆಟ್ಟ, ಮೂರೂ ಗ್ರಾನೈಟ್ ಬೆಟ್ಟಗಳೇ. ರಾಮನಗರದ ಕಡೆಯಿಂದ ಉತ್ತರಕ್ಕೆ ಹಬ್ಬಿರುವ ಈ ಶಿಲಾಪಟ್ಟಿಗೆ ಸುಮಾರು 250 ಕೋಟಿ ವರ್ಷ ವಯಸ್ಸು. ಕರಗಿದ ಶಿಲೆ ನೆಲದಾಳದಲ್ಲಿ ನಿಧಾನವಾಗಿ ತಣಿದುದರಿಂದ ಅದರ ಹರಳುಗಳು ದಪ್ಪಗೆ ಬೆಳೆದು ಬರಿಗಣ್ಣಿಗೇ ಕಾಣುತ್ತವೆ. ಮಧುಗಿರಿ ಬೆಟ್ಟವನ್ನು ಬೆಳಗಿನ ತಂಪಿನಲ್ಲೇ ಹತ್ತಬೇಕು. ಬಿಸಿಲೇರಿದರೆ ಬಂಡೆ ಕಾದುಬಿಡುತ್ತದೆ.

ಅದೇ ಬಿಸಿಲು ಪಾವಗಡದಲ್ಲಿ ವಿದ್ಯುತ್ತಾಗಿದೆ. ತಿರುಮಣಿ ಸುತ್ತಲಿನ ಸುಮಾರು 13,000 ಎಕರೆಯ ಸೌರ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. ಬರದಿಂದ ಬಸವಳಿದ ರೈತರು ಇದಕ್ಕಾಗಿ ಭೂಮಿಯನ್ನು ಮಾರಲಿಲ್ಲ, ಗುತ್ತಿಗೆಗೆ ಕೊಟ್ಟರು.

ಶಿರಾದಲ್ಲಿ ಮೊಗಲರ ಕಾಲದ ಜುಮ್ಮಾ ಮಸೀದಿ ನೋಡಿ ಕಗ್ಗಲಡು ಗ್ರಾಮಕ್ಕೆ ಹೋಗಬಹುದು. ಇಲ್ಲಿ ಬಣ್ಣದ ಕೊಕ್ಕರೆಗಳು ಮನೆಗಳ ನಡುವಿನ ಹುಣಸೆ ಮರಗಳಲ್ಲೇ ಗೂಡು ಕಟ್ಟಿ ಮರಿ ಮಾಡುತ್ತವೆ. ಹುಣಸೆಹಣ್ಣು ಮಾರಿದರೆ ಕೈಗೆ ಕಾಸು ಬರುತ್ತದೆ. ಆದರೂ ಹಕ್ಕಿಗಳಿಗೆ ತೊಂದರೆಯಾಗದಂತೆ ಊರವರು ಕಾಯುತ್ತಾ ಬಂದಿದ್ದಾರೆ. ನೋಡಲು ಬಂದವರು ಕೂಗಾಡಿದರೆ, ಕಲ್ಲೆಸೆದರೆ ತಾಯಿಹಕ್ಕಿ ಹಾರಿಹೋಗಿ, ಮರಿಗಳು ಬಿಸಿಲಿಗೂ ಹದ್ದಿಗೂ ಸಿಕ್ಕಿಬೀಳುತ್ತವೆ. ಮರದಡಿ ಸದ್ದಿಲ್ಲದೆ ನಿಲ್ಲುವುದನ್ನು ಮಕ್ಕಳು ಅಲ್ಲಿ ಕಲಿತರೆ ಪ್ರವಾಸ ಸಾರ್ಥಕ.